ಅಂಥವರು ಯಾರೂ ಇಲ್ಲ

ಅಷ್ಟು ಬೇಗ ಹೇಳಬಾರದಿತ್ತೇನೋ. ಅವರು ಕೇಳಿ ಮುಗಿಸುವ ಮೊದಲೇ ಉತ್ತರ ಬಾಯಿಂದ ಹೊರಟುಬಿಟ್ಟಿತ್ತು. ಅಥವಾ ಈಗ ಹಾಗೆ ಅನ್ನಿಸುತ್ತಿದೆಯೋ. ಸ್ವಲ್ಪ ತಡೆದು, ಲೋಟ ಕೆಳಗಿಟ್ಟು, ನೆನಪು ಮಾಡಿಕೊಳ್ಳುವವನ ಹಾಗೆ ಛಾವಣಿ ನೋಡಿ ಹೇಳಿದ್ದರೂ ಇದೇ ಮಾತನ್ನೇ ಹೇಳುತ್ತಿದ್ದೆನಲ್ಲ, ಹಾಗಾದರೆ ತಪ್ಪಾದದ್ದು ಬೇಗ ಹೇಳಿದ್ದೋ, ಹೇಳಿದ್ದೇ ತಪ್ಪೋ ಎಂದು ಮುರಳೀಕೃಷ್ಣ ಹಾಸನದ ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದ. ಹೊಳೆನರಸೀಪುರದ ಸೇತುವೆ ದಾಟಿ ಆಗಲೇ ಬಹಳ ಹೊತ್ತಾಗಿತ್ತು. ಶನಿವಾರವಾದ್ದರಿಂದ ಆ ಊರಿನ ಕಾಲೇಜು ಮಧ್ಯಾಹ್ನಕ್ಕೇ ಮುಗಿದಿತ್ತು. ಅಲ್ಲಿ ಅವನು ಇಂಗ್ಲಿಷಿನ ಅತಿಥಿ ಉಪನ್ಯಾಸಕ. ಅತಿಥಿ ಎನ್ನುವ ಮಾತನ್ನು ಅಪ್ಪ ಚಲುವನಾರಾಯಣಯ್ಯ ಯಾರ ಮುಂದೆಯೂ ಹೇಳದೆ ಬರೀ ಲೆಕ್ಚರರ್ ಎನ್ನುತ್ತಿದ್ದರು. ಶನಿವಾರ ಸಂಜೆ ಹಾಸನದಲ್ಲಿ ಮೆಡಿಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ. ಮೈಸೂರಿನಲ್ಲಿ ಓದುವಾಗ ಬೇರೆ ಯಾವುದಕ್ಕೂ ಸೀಟು ಸಿಗದೆ ಸೇರಿದ್ದ ಡಿಪ್ಲೊಮಾ ಅದು. ಇವತ್ತಿನ ಪಾಠ ಅವನ ಚೀಲದಲ್ಲಿತ್ತು. ಗೊತ್ತಿಲ್ಲದವರ ಬಗ್ಗೆ, ಇದ್ದಾರೋ ಇಲ್ಲವೋ ಎಂದು ಖಾತ್ರಿಯಿಲ್ಲದವರ ಬಗ್ಗೆ ಹೇಳುವುದು ಹೇಗೆ ಎಂಬ ಪಾಠ. ಅದನ್ನು ಹೋದ ವಾರವೇ ಮಾಡಬೇಕಾಗಿತ್ತು. ಹೋದ ವಾರವೇ ಮಾಡಿ ಮುಗಿಸಿದ್ದರೆ ಇವತ್ತು ಅವಳ ಎದುರಿಗೆ ನಿಂತು ಅದನ್ನೇ ವಿವರಿಸುವುದು ತಪ್ಪುತ್ತಿತ್ತು.

ಕಾಲೇಜಿನ ಗೇಟಿನ ಹತ್ತಿರ ಅವರಿಬ್ಬರು ಕಾಯುತ್ತಿದ್ದರು. ಹಿರಿಯರು ಬಿಳಿ ಅಂಗಿ, ಪಂಚೆ. ಹೆಗಲ ಮೇಲಿನ ಟವೆಲ್ಲನ್ನು ಇವನನ್ನು ಕಂಡೊಡನೆ ಇಳಿಸಿ ಕೈಯಲ್ಲಿ ಹಿಡಿದರು. ಜೊತೆಯಲ್ಲಿದ್ದವನು ಇವನ ವಯಸ್ಸಿನವನೇ, ಬಿಸಿಲಿಗೆ ಕಂದಿದ ಅಗಲ ಮುಖ. "ಮುರಳೀಕೃಷ್ಣ ಮೇಷ್ಟ್ರು ಅಂದ್ರೆ ತಾವೇಯಾ ಸಾ? ನಾನು ಚಿಕ್ಕಯ್ಯ ಅಂತ, ಅರಕಲಗೂಡು ಕಡೆಯೋನು. ಇವ್ನು ನಮ್ಮಣ್ಣನ್ ಮಗ, ಕುಮಾರ್. ಒಂದ್ ಲೋಟ ಕಾಫಿ ಕುಡಿಯಾನ ಬನ್ನಿ ಸಾ." ಯಾರು, ಏಕೆ ಎಂದು ಕೇಳಲು ಅವನು ಬಾಯಿ ತೆರೆದಾಗ ಚಿಕ್ಕಯ್ಯ ಆಗಲೇ ರಸ್ತೆ ದಾಟುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಕೂತ ಮೇಲೆ ಅವರು, "ಸುತ್ತಿ ಬಳಸಿ ಮಾತಾಡಕ್ಕೆ ನಂಗ್ ಬರಕ್ಕಿಲ್ಲ ಸಾ" ಎಂದು ಹೇಳಿ, ಬಹಳ ಹೊತ್ತು ಸುತ್ತಿ ಬಳಸಿಯೇ ಮಾತಾಡಿದರು. ಈ ಸಲ ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿದ್ದದ್ದು, ಹೇಮಾವತಿ ನಾಲೆಗೆ ನೀರು ಬಿಟ್ಟದ್ದು, ನರಸಿಂಹಸ್ವಾಮಿ ಗುಡಿಯಲ್ಲಿ ಇವನ ತಂದೆ ಪಾರಾಯಣ ಮಾಡುವುದನ್ನು ತಾವು ಯಾವಾಗಲೋ ಕೇಳಿದ್ದು. ಅಷ್ಟರಲ್ಲಿ ಇವನಿಗೆ ಅರ್ಥವಾಗಿತ್ತು. ಹೆಣ್ಣು ನೋಡುವ ಮೊದಲು, ನೋಡಿ ಒಪ್ಪಿದ ಮೇಲೂ ಒಮ್ಮೆ, ಹೀಗೆ ಇಬ್ಬರು ಬರುತ್ತಾರೆ. ಹೆಣ್ಣಿನ ಊರಿನ ಅಂಗಡಿಯಲ್ಲಿ, ಡೇರಿಯ ಮುಂದೆ, ಕೆಲಸದ ಜಾಗದಲ್ಲಿ ಯಾರನ್ನೋ ಹಿಡಿದು ಕೂಡಿಸಿ ಮಳೆ ಬೆಳೆ ಮಾತಾಡಿ, ಕೊನೆಗೆ ದನಿ ತಗ್ಗಿಸುತ್ತಾರೆ. ಚಿಕ್ಕಯ್ಯ ದನಿ ತಗ್ಗಿಸಿದರು.

"ಬಾಗೂರು ರಾಮಣ್ಣಾರ ಮಗಳು, ಸ್ಪಂದನಾ ಅಂತ. ತಮ್ಮತ್ರ ಕಲೀತಾಳಂತಲ್ಲ ಸಾ, ಅದ್ಯಾವ್ದೋ ಭಾಸೆ. ಉಡ್ಗಿ ಎಂಗೆ?"

"ಒಳ್ಳೆಯ ಹುಡುಗಿ."

"ಅದ್ ಬುಡಿ ಸಾ, ಕೆಟ್ಟೋಳು ಅಂತ ಯಾರ್ ತಾನೇ ಏಳ್ತಾರೆ? ನಮ್ ಸೊಸೆ ತಂದಾಗ ಅವಳೂರೋರೆಲ್ಲ ಗುಣದಲ್ಲಿ ಗುಲಗಂಜಿ ಅಂದಿದ್ರು. ಬಂದ್ ಮ್ಯಾಲೆ ಗೊತ್ತಾಯ್ತು, ಗುಲಗಂಜೀಲಿ ಒಂದ್ ಪಕ್ಕ ಕಪ್ಪಿರ್ತದೆ ಅಂತ." ತಮ್ಮ ಮಾತಿಗೆ ತಾವೇ ನಕ್ಕು, ನಗು ನಿಲ್ಲಿಸಿ, ಮುಂದಕ್ಕೆ ಬಾಗಿದರು. "ನಾನ್ ಕೇಳಿದ್ದು ಏನಪ್ಪಾ ಅಂದ್ರೆ, ಹಾಸನದಾಗೆ ಒಬ್ಳೇ ಅವ್ಳೆ. ಕೆಲ್ಸ, ಮೊಬೈಲು, ಕಾಲ ಅಂಗೈತೆ. ಯಾರಾದ್ರೂ ಅವ್ರಾ…"

"ಇಲ್ಲ, ಅಂಥವರು ಯಾರೂ ಇಲ್ಲ" ಎಂದಿದ್ದ.

ಚಿಕ್ಕಯ್ಯ ಅವನನ್ನೇ ನೋಡಿದರು. "ಬೇಗ ಏಳ್ಬುಟ್ರಿ ಸಾ" ಎಂದರು. ಅದು ಮೆಚ್ಚುಗೆಯೋ ಅನುಮಾನವೋ ತಿಳಿಯಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ಅವನು ಬೆರಳಿನಿಂದ ಲೋಟದ ಅಂಚಿಗೆ ಸರಿಸಿದ.

ಬಸ್ಸು ಎಲ್ಲಿಯೋ ನಿಂತು ಯಾರನ್ನೋ ಹತ್ತಿಸಿಕೊಂಡು ಹೊರಟಿತು. ಅವಳು ಮೊದಲ ದಿನ ಕ್ಲಾಸಿಗೆ ಬಂದಾಗ ಅವಳ ಬಟ್ಟೆಯಿಂದ ಕಾಫಿ ಬೀಜದ ಹಸಿ ಧೂಳಿನ ವಾಸನೆ ಬರುತ್ತಿತ್ತು. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಆಫೀಸಿನಲ್ಲಿ ಕೆಲಸ. ಹೊರದೇಶದ ವ್ಯಾಪಾರಿಗಳಿಗೆ ಮೇಲ್ ಬರೆಯುವುದಕ್ಕೆ ನಾಲ್ಕು ಮಾತು ಸ್ಪ್ಯಾನಿಷ್ ಬಂದರೆ ಸಂಬಳ ಹೆಚ್ಚುತ್ತದೆ ಎಂದು ಮ್ಯಾನೇಜರ್ ಹೇಳಿದ್ದನಂತೆ. ಈ ಭಾಷೆಯಲ್ಲಿ ಹ ಎಂದು ಬರೆದಿದ್ದರೂ ಬಾಯಲ್ಲಿ ಅನ್ನುವ ಹಾಗಿಲ್ಲ ಎಂದು ಅವನು ಹೇಳಿದಾಗ, ಎಲ್ಲರೂ ಬರೆದುಕೊಳ್ಳುತ್ತಿದ್ದರೆ ಇವಳು ತಲೆಯೆತ್ತಿ, "ಅಂಗಾದ್ರೆ ಇದು ನಮ್ಮೂರ್ ಭಾಷೇನೇ ಸರ್" ಎಂದಿದ್ದಳು. ಕೋಣೆಯೆಲ್ಲ ನಕ್ಕಿತ್ತು. ಕಾಲೇಜಿನಲ್ಲಿ ಹಕಾರ ಬಿಟ್ಟು ಓದಿದ ಹುಡುಗರನ್ನು ಎಬ್ಬಿಸಿ ನಿಲ್ಲಿಸಿ ತಿದ್ದುತ್ತಿದ್ದ ಅವನೂ ನಕ್ಕಿದ್ದ, ನಕ್ಕ ಮೇಲೆ ಆ ಹುಡುಗರ ಮುಖಗಳು ಒಂದೊಂದಾಗಿ ನೆನಪಾಗಿದ್ದವು. ಆಮೇಲಿನ ಯಾವುದೋ ಶನಿವಾರ ಅವಳು ಊರಿಗೆ ಹೊರಟಿದ್ದಾಗ ಅವನೂ ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದ. ಅವನ ಊರು ಇರುವುದು ಇನ್ನೊಂದು ದಿಕ್ಕಿನಲ್ಲಿ. "ಎಲ್ಲಿಗೆ ಸರ್?" ಎಂದಳು. "ಶಾಂತಿಗ್ರಾಮದಲ್ಲಿ ಸ್ವಲ್ಪ ಕೆಲಸ" ಎಂದ. ಶಾಂತಿಗ್ರಾಮದಲ್ಲಿ ಇಳಿದು, ಬಸ್ಸು ಕಣ್ಮರೆಯಾಗುವವರೆಗೆ ಕೆಲಸವಿರುವವನ ಹಾಗೆ ಊರೊಳಗಿನ ರಸ್ತೆಯಲ್ಲಿ ನಡೆದು, ತಿರುಗಿ ಬಂದು ಹಾಸನದ ಬಸ್ಸಿಗೆ ಕಾದಿದ್ದ. ಮುಂದಿನ ಶನಿವಾರವೂ ಶಾಂತಿಗ್ರಾಮದಲ್ಲಿ ಕೆಲಸವಿತ್ತು. ಅದರ ಮುಂದಿನ ಶನಿವಾರ ಅವಳು ಕೇಳುವುದನ್ನು ಬಿಟ್ಟು ಕಿಟಕಿಯ ಪಕ್ಕದ ಸೀಟು ಹಿಡಿದು ಪಕ್ಕದಲ್ಲಿ ಬ್ಯಾಗಿಟ್ಟುಕೊಂಡು, ಅವನು ಹತ್ತಿದೊಡನೆ ಬ್ಯಾಗು ತೆಗೆದಿದ್ದಳು. ಆ ದಾರಿಯಲ್ಲಿ ಅವಳ ಮಾತಿನಿಂದ ಹಕಾರ ತಾನಾಗಿ ಉದುರಿಹೋಗುತ್ತಿತ್ತು. ಅವಳ ಕೈ ಅವನ ಕೈಯಲ್ಲಿರುತ್ತಿತ್ತು. ಇಷ್ಟಾದರೂ ಅವಳು ಅವನನ್ನು ಸರ್ ಎಂದೇ ಕರೆದಳು. ಹೆಸರು ಹಿಡಿದು ಕರೆ ಎಂದು ಅವನೂ ಹೇಳಲಿಲ್ಲ. ಸರ್ ಎನ್ನುವ ಆ ಮಾತು ಒಂದು ಬಾಗಿಲಿನಂತೆ, ಬೇಕೆಂದಾಗ ಅದರ ಹಿಂದೆ ನಿಲ್ಲಬಹುದಾಗಿತ್ತು.

ಒಮ್ಮೆ ಅವಳ ಜೊತೆ ಬೆಳಗೊಳಕ್ಕೂ ಹೋಗಿದ್ದ. ಅದು ಯಾತ್ರಿಕರು ಕಡಿಮೆಯಿದ್ದ ದಿನ, ಅವಳದೇ ಒತ್ತಾಯ. ಬೆಟ್ಟದ ಕೆಳಗೆ ಚಪ್ಪಲಿ ಬಿಡುವಲ್ಲಿ ಎಳನೀರು ಮಾರುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಗುರುತು ಹಿಡಿದಳು. "ಅಯ್ಯ, ರಾಮಣ್ಣನ್ ಮಗಳಲ್ವೇನವ್ವ ನೀನು? ನಾನ್ ಕಣವ್ವ ದೊಡ್ಡತಾಯಮ್ಮ, ನಿಮ್ ತ್ವಾಟದ ಕಾಯೇ ತತ್ತಿದ್ದು ನಾನು. ಇವ್ರ್ಯಾರವ್ವ?" ಸ್ಪಂದನಾ ಬಾಯಿ ತೆರೆದಿದ್ದಳು. ಅವಳು ಏನೋ ಹೇಳುವವಳಿದ್ದಳು, ಅವಳ ಮುಖದಲ್ಲಿ ಭಯವಿರಲಿಲ್ಲ, ಒಂದು ರೀತಿಯ ತುಂಟತನವೇ ಇತ್ತು. ಅವಳಿಗಿಂತ ಮೊದಲು ಇವನು, "ಹೀಗೇ, ಗೊತ್ತಿರುವವರು" ಎಂದುಬಿಟ್ಟ. ಮುದುಕಿ ಎಳನೀರು ಕೆತ್ತಿ ಕೊಟ್ಟಳು. ಬೆಟ್ಟ ಹತ್ತುವಾಗ ಅರ್ಧ ದಾರಿಯವರೆಗೆ ಅವಳು ಮುಂದೆ ಮುಂದೆಯೇ ನಡೆದಳು. ಬಂಡೆ ಕಾದಿತ್ತು, ಅಂಗಾಲು ಸುಡುತ್ತಿತ್ತು. ಅಲ್ಲೊಂದು ಕಡೆ ನಿಂತು ಕೆಳಗಿನ ಕೊಳ ನೋಡುತ್ತ, "ನಿಮ್ಗೆ ಗೊತ್ತಿರೋರು ಎಷ್ಟ್ ಜನ ಸರ್?" ಎಂದು ಕೇಳಿದ್ದಳು. ಅವನು ನಕ್ಕಿದ್ದ. ಅದು ನಗುವ ಮಾತಲ್ಲ ಎಂದು ನಗುವಾಗಲೇ ಗೊತ್ತಿತ್ತು.

ಹೋಟೆಲಿನಲ್ಲಿ ಮಾತು ಮುಗಿಯಿತೆಂದು ಅವನು ಏಳುವವನಿದ್ದ. ಆಗ ಅಷ್ಟು ಹೊತ್ತು ಸುಮ್ಮನಿದ್ದ ಕುಮಾರ್, ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಎಳೆಯುತ್ತ, ತಲೆ ಎತ್ತದೆ ಮಾತಾಡಿದ್ದ.

"ಅಂಗಲ್ಲ ಸಾ. ಇದ್ರೆ ತಪ್ಪು ಅಂತ ನಾವ್ ಏಳ್ತಿಲ್ಲ. ಆ ಉಡ್ಗಿ ಮನಸ್ನಲ್ಲಿ ಯಾರಾರ ಇದ್ರೆ ಈಗ್ಲೇ ಏಳ್ಬುಡಿ. ಜಾತ್ಕ ಕೂಡ್ನಿಲ್ಲ ಅಂತ ನಾವೇ ಏಳಿ ಕಳಿಸ್ತೀವಿ. ಅವ್ರ ಎಸರು ಕೆಡಕ್ಕಿಲ್ಲ, ನಿಮ್ ಎಸರೂ ಬರಕ್ಕಿಲ್ಲ. ಆಮೇಲೆ ಗೊತ್ತಾಗಿ ಮೂರ್ ಜನ ನರಳೋದ್ ಬ್ಯಾಡ."

ಚಿಕ್ಕಯ್ಯ ಅವನ ಬೆನ್ನು ತಟ್ಟಿದರು. "ಗಂಡು ಇವ್ನೇ ಸಾ. ಬರಬ್ಯಾಡ ಕಣ್ಲಾ, ಗಂಡೇ ಓಗಿ ವಿಚಾರ್ಸದು ಚೆನ್ನಾಗಿರಕ್ಕಿಲ್ಲ ಅಂದೆ. ಕೇಳ್ನಿಲ್ಲ, ಬಂದ್ಬುಟ್ಟ."

ಅಷ್ಟು ಹೊತ್ತು ಗಂಡು ಎಂದರೆ ಮುಖವಿಲ್ಲದ ಯಾರೋ ಆಗಿದ್ದ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂದು ಸ್ಪಂದನಾ ಹೇಳಿದಾಗಿನಿಂದ, ಎರಡು ತಿಂಗಳು, ಅವನ ಬಗ್ಗೆ ಮುರಳೀಕೃಷ್ಣ ಬೇಕಾದ ಹಾಗೆ ಊಹಿಸಿಕೊಂಡಿದ್ದ. ಮೀಸೆ, ಬುಲೆಟ್ಟು, ಜೋರು ದನಿ, ಓದದವನು. ತಿರಸ್ಕರಿಸಲು ಅನುಕೂಲವಾದ ಒಬ್ಬ ಮನುಷ್ಯನನ್ನು ಕೂತು ಕಟ್ಟಿದ್ದ. ಈಗ ಎದುರಿಗಿದ್ದವನು ಅರಕಲಗೂಡಿನಲ್ಲಿ ಹನಿ ನೀರಾವರಿಯ ಪೈಪುಗಳ ಅಂಗಡಿ ಇಟ್ಟಿರುವ, ಉಗುರಿನ ಸಂದಿಯಲ್ಲಿ ಅಂಟಿನ ಕಲೆಯಿರುವ, ತನಗೆ ಗೊತ್ತಿಲ್ಲದ ಹೆಣ್ಣಿಗಾಗಿ ಗೊತ್ತಿಲ್ಲದ ಊರಿಗೆ ಬಂದು ತನ್ನ ಕೆಲಸ ಕೆಡಿಸುವ ಮಾತನ್ನೇ ಕೇಳಿಕೊಳ್ಳುತ್ತಿರುವವನು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವರು ಎದ್ದು ಹೋಗುತ್ತಿದ್ದರು, ಜಾತಕ ಕೂಡಲಿಲ್ಲ ಎನ್ನುತ್ತಿದ್ದರು, ಸ್ಪಂದನಾ ಉಳಿಯುತ್ತಿದ್ದಳು. ಉಳಿದವಳನ್ನು ಏನು ಮಾಡುವುದು ಎಂಬಲ್ಲಿಗೆ ಬಂದು ಅವನ ಯೋಚನೆ ಪ್ರತಿ ಸಲವೂ ನಿಲ್ಲುತ್ತಿತ್ತು. "ನನಗೆ ತಿಳಿದ ಹಾಗೆ ಇಲ್ಲ" ಎಂದ ಎರಡನೆಯ ಸಲ, ಈ ಸಲ ನಿಧಾನವಾಗಿ.

ಏಳುವಾಗ ಚಿಕ್ಕಯ್ಯ ಟವೆಲ್ಲು ಹೆಗಲಿಗೇರಿಸಿಕೊಂಡರು. "ನಮ್ ಕಡೆ ಹೆಣ್ಣಿನೋರು ತೋರ್ಸಿದೋರನ್ನ ನಾವ್ ಕೇಳಕ್ಕಿಲ್ಲ ಸಾ, ಅವ್ರು ತೋರ್ಸದೇ ಇದ್ದೋರನ್ನ ಉಡ್ಕಂಡು ಓಗ್ತೀವಿ. ಆದ್ರೆ ಆ ಉಡ್ಗಿ ತಾನೇ ಏಳ್ತು ನೋಡಿ. ಹೊಳೆನರಸೀಪುರದಾಗೆ ನಮ್ ಮೇಷ್ಟ್ರವ್ರೆ, ಅವ್ರನ್ನ ಕೇಳ್ಕಂಡ್ ಬನ್ನಿ, ಅವ್ರು ಏನ್ ಅಂತಾರೋ ನಂಗೂ ಅದೇಯ, ಅಂತು. ಗುರುಗಳ ಮ್ಯಾಲೆ ಇಂಥ ಭಕ್ತಿ ಈ ಕಾಲ್ದಾಗೆ ಎಲ್ಲೈತೆ? ಅದ್ಕೇ ಬಂದ್ವಿ." ಕೈ ಮುಗಿದು ಹೊರಟರು. ಕುಮಾರ್ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಓಡಿಹೋಗಿ ನಿಲ್ಲಿಸಬಹುದಾಗಿತ್ತು. ರಸ್ತೆಯ ಆಚೆ ಅವರ ಕಾರು ಬಹಳ ಹೊತ್ತು ಹೊರಡಲೇ ಇಲ್ಲ, ಹಿಂದಿನ ಟೈರು ಗಾಳಿ ಇಳಿದಿತ್ತೋ ಏನೋ, ಇಬ್ಬರೂ ಬಗ್ಗಿ ನೋಡುತ್ತಿದ್ದರು. ಅವನು ಹೋಟೆಲಿನ ಒಳಗೇ ನಿಂತು ಅದು ಹೊರಡುವುದನ್ನು ಕಾದ.

ಮನೆಯಲ್ಲಿ ಅಮ್ಮ ಅಂಬುಜಮ್ಮನೂ ಒಬ್ಬಳನ್ನು ಕಟ್ಟುತ್ತಿದ್ದಳು. "ಎಲ್ಲೋ ಹುಟ್ಟಿ ಬೆಳೆದು ಕೂತಿರ್ತಾಳೆ ಕಣೋ, ನಮ್ಮ ಕಣ್ಣಿಗೆ ಬೀಳಬೇಕು ಅಷ್ಟೆ. ಎಂಥವಳಾದರೂ ಆಗಲಿ, ನಮ್ಮವಳಾಗಿದ್ದರೆ ಸಾಕು. ಒಲೆ ಮುಂದೆ ನಿಂತರೆ ಒಳಮನೆಗೆ ಹೊಂದೋ ಹಾಗಿರಬೇಕು." ಇವತ್ತು ಬೆಳಿಗ್ಗೆಯೂ ಒದ್ದೆ ಸೀರೆಯಲ್ಲಿ ತುಳಸಿಗೆ ನೀರು ಹಾಕುತ್ತ ಅದನ್ನೇ ಅಂದಿದ್ದಳು. ನಮ್ಮವಳು ಎನ್ನುವ ಮಾತಿನೊಳಗೆ ಏನೇನಿದೆ ಎಂದು ಅವನಿಗೆ ಗೊತ್ತಿತ್ತು, ಏನಿಲ್ಲ ಎಂಬುದೂ ಗೊತ್ತಿತ್ತು. ಬಾಗೂರಿನ ಗೌಡರ ಮಗಳು ಭಾನುವಾರ ತನ್ನ ಮನೆಯಲ್ಲಿ ಕೋಳಿ ಸಾರಿಗೆ ಮಸಾಲೆ ಅರೆಯುತ್ತಾಳೆ, ಅದನ್ನು ಅವಳೇ ಬಸ್ಸಿನಲ್ಲಿ ನಗುತ್ತ ಹೇಳಿ, ಅವನ ಮುಖ ನೋಡಿ, "ಎದ್ರ್ಕಂಡ್ರಾ?" ಎಂದಿದ್ದಳು. ಒಮ್ಮೆ ಊಟಕ್ಕೆ ಕೂತಾಗ, ಅಮ್ಮ ತಿಳಿಸಾರು ಬಡಿಸುತ್ತಿದ್ದಾಗ, ಹೇಳಿಯೇಬಿಡುತ್ತೇನೆಂದು ಅವನು "ಅಮ್ಮ" ಎಂದಿದ್ದ. ಅವಳು "ಉಪ್ಪಾ?" ಎಂದು ಕೇಳಿದಳು. ಹೌದು ಎಂದು ಉಪ್ಪು ಹಾಕಿಸಿಕೊಂಡು, ಉಪ್ಪು ಹೆಚ್ಚಾದ ಸಾರನ್ನು ಕಲಸಿ ಉಂಡಿದ್ದ.

ಹಾಸನದ ಕೋಣೆಗೆ ಎಲ್ಲರೂ ಬಂದಿದ್ದರು. ಅವಳು ಎಂದಿನ ಜಾಗದಲ್ಲಿ, ಫ್ಯಾನಿನ ಕೆಳಗೆ. ಅವನನ್ನು ನೋಡಿದಳು, ಬರೀ ನೋಡಿದಳು. ಅವರು ಬಂದುಹೋದದ್ದು ಅವಳಿಗೆ ತಿಳಿದಿದೆಯೋ ಇಲ್ಲವೋ, ಫೋನಿನಲ್ಲಿ ಮಾತು ಮುಟ್ಟಿದೆಯೋ, ಆ ಮುಖದಲ್ಲಿ ಓದಲಾಗಲಿಲ್ಲ. ಬೋರ್ಡಿನ ಕಡೆ ತಿರುಗಿ ಅವನು ಪಾಠ ಶುರುಮಾಡಿದ. ನಮಗೆ ಗೊತ್ತಿರುವ ಒಬ್ಬ ಮನುಷ್ಯನ ಬಗ್ಗೆ ಹೇಳುವಾಗ ಈ ಭಾಷೆಯಲ್ಲಿ ಕ್ರಿಯಾಪದ ನೆಟ್ಟಗೆ ನಿಲ್ಲುತ್ತದೆ. ಕನ್ನಡ ಮಾತಾಡುವ ಒಬ್ಬರನ್ನು ನಾನು ಬಲ್ಲೆ, ಇಲ್ಲಿ ಮಾತಾಡುವ ಎನ್ನುವುದಕ್ಕೆ ಆಬ್ಲಾ. ಆದರೆ ಅಂಥವರೊಬ್ಬರನ್ನು ಹುಡುಕುತ್ತಿದ್ದೇನೆ, ಸಿಗುತ್ತಾರೋ ಇಲ್ಲವೋ ತಿಳಿಯದು ಎನ್ನುವಾಗ ಅದರ ಬಾಲ ಬದಲಾಗುತ್ತದೆ; ಆಬ್ಲೆ. ಅಂಥವರು ಯಾರೂ ಇಲ್ಲ ಎನ್ನುವಾಗಲೂ ಹಾಗೆಯೇ. ಇಲ್ಲದವರ ಬಗ್ಗೆ ಹೇಳುವುದಕ್ಕೆಂದೇ ಅವರು ಮಾತಿನಲ್ಲಿ ಒಂದು ಜಾಗ ಇಟ್ಟಿದ್ದಾರೆ. ತನ್ನ ದನಿ ಎಂದಿನಂತೆಯೇ ಇರುವುದನ್ನು ಅವನು ದೂರದಿಂದೆಂಬಂತೆ ಕೇಳಿಸಿಕೊಂಡ. ನಿಮಗೆ ಎಂಥವರು ಬೇಕು, ಎಂಥವರು ಇಲ್ಲ, ಒಂದೊಂದು ವಾಕ್ಯ ಹೇಳಿ ಎಂದ. ಲಾಡ್ಜೊಂದರಲ್ಲಿ ಕೆಲಸ ಮಾಡುವ ರಜನೀಶ್ ಎದ್ದು, ಕೇಳಿದ ತಕ್ಷಣ ರಜಾ ಕೊಡುವಂಥ ಓನರ್ ಬೇಕಾಗಿದ್ದಾರೆ ಎಂದು ತಡವರಿಸಿ ಹೇಳಿ, "ಇದಕ್ಕೆ ಆ ಇಲ್ಲದಿರೋರ ರೂಪಾನೇ ಹಾಕ್ಬೇಕು ಅಲ್ವಾ ಸರ್, ಅಂಥೋನು ಹುಟ್ಟೇ ಇಲ್ಲ" ಎಂದ. ಎಲ್ಲರೂ ನಕ್ಕರು. ಸ್ಪಂದನಾ ಕೂಡ ನಕ್ಕಳು. ಆಮೇಲೆ ಅವಳ ಸರದಿ ಬಂತು.

"ನೊ ಆಯ್ ನಾದ್ಯೆ ಕೆ ಮೆ ಎಸ್ಪೆರೆ" ಎಂದಳು. ಒಂದು ಕಡೆಯೂ ತಡವರಿಸಲಿಲ್ಲ.

"ಅಂದ್ರೆ?" ರಜನೀಶ್ ಕೇಳಿದ.

"ನನಗಾಗಿ ಕಾಯುವವರು ಯಾರೂ ಇಲ್ಲ." ಕನ್ನಡದಲ್ಲಿ, ಪುಸ್ತಕ ಓದಿದ ಹಾಗೆ ಹೇಳಿ, ಅವಳು ಮುರಳೀಕೃಷ್ಣನ ಕಡೆ ತಿರುಗಿದಳು. "ಸರಿಯಾಗಿದೆಯಾ ಸರ್?"

ಹಾಗಾದರೆ ತಿಳಿದಿದೆ. ಅವನು ಕೈಯಲ್ಲಿದ್ದ ಮಾರ್ಕರಿನ ಮುಚ್ಚಳ ಹಾಕಿದ, ತೆಗೆದ. ಕೆಳಗೆ ಮೆಡಿಕಲ್ ಅಂಗಡಿಯ ಮುಂದೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಮೇಷ್ಟ್ರು ಸರಿ ಎಂದರೆ ಬರೆದುಕೊಳ್ಳಲು ಪೆನ್ನು ಹಿಡಿದಿದ್ದರು.

"ಸರಿಯಾಗಿದೆ" ಎಂದ.

ಎಲ್ಲರೂ ಬರೆದುಕೊಂಡರು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಬ್ಯಾಗು ಇರಲಿಲ್ಲ, ಮಡಿಲಲ್ಲಿತ್ತು. ಯಾರು ಬೇಕಾದರೂ ಕೂರಬಹುದಾಗಿತ್ತು. ಅವನು ಕೂತ. ಬಸ್ಸು ಬೈಪಾಸು ದಾಟಿತು. ಸಂಜೆಯ ಬಿಸಿಲು ಅವಳ ಕಡೆಯಿಂದ ಬಂದು ಅವನ ಮೊಣಕಾಲ ಮೇಲೆ ಬಿದ್ದಿತ್ತು.

"ಬಂದಿದ್ರಾ?" ಎಂದಳು.

"ಬಂದಿದ್ದರು."

"ಕಾರಲ್ಲಿ ಕೂತ್ಕಂಡೇ ಅಪ್ಪಂಗೆ ಫೋನ್ ಮಾಡಿದ್ರಂತೆ. ಮೇಷ್ಟ್ರು ಬಾಳ ಒಳ್ಳೇರು, ಉಡ್ಗಿ ಬಗ್ಗೆ ಒಂದ್ ಕಪ್ಪು ಚುಕ್ಕೆ ಏಳ್ನಿಲ್ಲ ಅಂದ್ರಂತೆ." ಅವಳು ಕಿಟಕಿಯ ಸರಳಿನ ಮೇಲೆ ಬೆರಳಾಡಿಸುತ್ತಿದ್ದಳು. "ಅಪ್ಪ ನಂಗ್ ಏಳಿದ್ರು. ತುಂಬ ಖುಸಿಯಾಗಿದ್ರು."

"ನಿನಗೆ ಕೆಟ್ಟ ಹೆಸರು ಬರಬಾರದು ಅಂತ…"

"ನಂಗೇ?" ಅವಳು ಈಗ ತಿರುಗಿದಳು. ಕೋಪವಿದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ; ಪಾಠ ಅರ್ಥವಾಗದಿದ್ದಾಗ ಕೇಳುತ್ತಿದ್ದ ಮುಖವೇ ಅದು. "ನಾನ್ ಅಷ್ಟ್ ಜನದಲ್ಲಿ ನಿಮ್ ಎಸರೇ ಯಾಕ್ ಏಳ್ದೆ ಅಂತ ಗೊತ್ತಾಗ್ನಿಲ್ವಾ ಸರ್?"

ಗೊತ್ತಾಗಿತ್ತು. ಚಿಕ್ಕಯ್ಯ ಅದನ್ನು ಹೇಳಿದ ಕ್ಷಣವೇ ಗೊತ್ತಾಗಿತ್ತು, ಆಮೇಲೂ ಅವರು ಬಹಳ ಹೊತ್ತು ಟೈರು ನೋಡುತ್ತ ನಿಂತಿದ್ದರು. ಈಗಲೂ ಹೊತ್ತು ಮೀರಿಲ್ಲ, ಶಾಂತಿಗ್ರಾಮಕ್ಕೆ ಇನ್ನೂ ದೂರವಿದೆ, ಇಳಿಯದೆ ಹೀಗೇ ಕೂತುಬಿಟ್ಟರೆ, ಬಾಗೂರಿನವರೆಗೂ ಹೋಗಿ ರಾಮಣ್ಣನವರ ಜಗಲಿಯಲ್ಲಿ ಕೂತು, ಮಳೆ ಬೆಳೆ ಮಾತಾಡಿ, ದನಿ ತಗ್ಗಿಸಿ… ಅವನು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸತೊಡಗಿದ. ಜೋಡಿಸುತ್ತಿದ್ದಂತೆ ಅಪ್ಪನ ಪಾರಾಯಣದ ದನಿ ಕೇಳಿಸಿತು, ಗುಡಿಯ ಪ್ರಾಕಾರದಲ್ಲಿ ಜನ ಅಪ್ಪನಿಗೆ ದಾರಿ ಬಿಟ್ಟು ಸರಿಯುವುದು, ನಾಳೆಯಿಂದ ಅದೇ ಜನ ಬೇರೆ ರೀತಿ ಸರಿಯುವುದು ಕಾಣಿಸಿತು. ಬಸ್ಸಿನ ವೇಗ ಕಡಿಮೆಯಾಯಿತು. ಕಂಡಕ್ಟರು "ಶಾಂತಿಗ್ರಾಮ, ಶಾಂತಿಗ್ರಾಮ" ಎಂದು ಕೂಗಿದ. ಅವನು ಎದ್ದು ನಿಂತಿದ್ದ. ಯಾವಾಗ ಎದ್ದನೆಂದು ಅವನಿಗೇ ತಿಳಿಯಲಿಲ್ಲ. ಎಲ್ಲ ಶನಿವಾರಗಳಲ್ಲೂ ಎದ್ದಂತೆ ಕಾಲುಗಳು ಎದ್ದಿದ್ದವು.

"ಕೆಲ್ಸ ಇತ್ತಲ್ವಾ ಸರ್ ಇಲ್ಲಿ" ಎಂದಳು ಸ್ಪಂದನಾ. "ಓಗ್ಬನ್ನಿ."

ಅವನು ಇಳಿದ. ಬಸ್ಸು ಹೊರಟಿತು. ಅವಳು ಕಿಟಕಿಯಿಂದ ನೋಡುತ್ತಾಳೆಂದು ತಲೆಯೆತ್ತಿದ; ಅವಳು ಬ್ಯಾಗನ್ನು ಪಕ್ಕದ ಸೀಟಿಗೆ ಸರಿಸುತ್ತಿದ್ದಳು. ಹೆದ್ದಾರಿಯ ಲಾರಿಗಳ ಧೂಳಿನಲ್ಲಿ ಬಸ್ಸು ಬಹಳ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ಇವತ್ತು ಊರೊಳಗಿನ ರಸ್ತೆಯಲ್ಲಿ ಸುಳ್ಳೇ ನಡೆಯುವ ಅಗತ್ಯವಿರಲಿಲ್ಲ. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಮುದುಕರೊಬ್ಬರು ಅವನೆದುರು ನಿಂತರು. ಆ ನಿಲ್ದಾಣದಲ್ಲಿ ಅವರನ್ನು ಅವನು ಹಲವು ಸಲ ನೋಡಿದ್ದ. ಮಂಚಯ್ಯ ಎಂದು ಯಾರೋ ಕೂಗಿದ್ದು ಕೇಳಿದ್ದ.

"ವಾರ ವಾರ್ಲೂ ಬತ್ತೀರಲ್ಲ ಸಾ ನೀವು. ಇಲ್ ನಿಲ್ತೀರಿ, ಅಂಗೇ ತಿರ್ಗಾ ಬಸ್ ಹತ್ತೀರಿ. ನಮ್ಮೂರಲ್ಲಿ ಯಾರ್ ಮನೆಗ್ ಬರೋದು?"

"ಯಾರ ಮನೆಗೂ ಇಲ್ಲ" ಎಂದ ಮುರಳೀಕೃಷ್ಣ.

ಮಂಚಯ್ಯ ಅವನ ಮುಖ ನೋಡಿ, ಕ್ಯಾನು ಆಡಿಸುತ್ತ ನಡೆದುಹೋದರು. ಹಾಸನದ ಬಸ್ಸು ಬರುವವರೆಗೆ ಅವನು ಅಲ್ಲೇ ನಿಂತಿದ್ದ.

ಸ್ಪಂದನಾ ಕುಮಾರರ ಮದುವೆ ಶ್ರಾವಣದಲ್ಲಿ ಆಯಿತು. ಅವಳು ಇದ್ದಾಳೆ, ಅವಳಿಗೊಬ್ಬನಿದ್ದಾನೆ, ಅವನು ನಾನು ಎಂಬುದನ್ನು ಅವನು ಚಿಕ್ಕಯ್ಯನಿಗೆ ಹೇಳಲಿಲ್ಲ, ಕುಮಾರನಿಗೆ ಹೇಳಲಿಲ್ಲ, ಅಮ್ಮನಿಗೆ ಹೇಳಲಿಲ್ಲ. ಸ್ಪಂದನಾಳಿಗೂ ಅವನು ಅದನ್ನು ಒಮ್ಮೆಯೂ ಹೇಳಿರಲಿಲ್ಲ.